ನಿಲ್ಲಿಸದಿದ್ದರೆ ಕಾರಣವನ್ನಾದರೂ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ಮಂಡಗದ್ದೆ ಹತ್ತಿರ ಶಿವಮೊಗ್ಗ ಬಸ್ಸಿಗೆ ಕಾಯುತ್ತಿದ್ದೆವು. ಜಿಟಿಜಿಟಿ ಮಳೆ. ಅರ್ಧ ಗಂಟೆ ಕಾದ ಮೇಲೆ ಬಂದ ಬಸ್ಸು, ನಾವೆಲ್ಲ ಕೈ ಅಡ್ಡ ಹಿಡಿದರೂ ನಿಲ್ಲದೆ, ಗುಂಡಿಯ ಕೆಂಪು ನೀರನ್ನು ಮೈಮೇಲೆ ಹಾರಿಸಿಕೊಂಡು ಹೋಯಿತು. ಹಿಂದಿನ ಸೀಟುಗಳು ಖಾಲಿ ಇದ್ದದ್ದು ಕಿಟಕಿಯಲ್ಲಿ ಕಂಡಿತು. ಪಕ್ಕದಲ್ಲಿದ್ದ ಅಜ್ಜಿ, ಎಂದೂ ಗಟ್ಟಿಯಾಗಿ ಮಾತಾಡದವರು, ಕೊಡೆ ಮಡಚಿ ರಸ್ತೆಗೆ ಬಡಿದರು.

ಅಮೆರಿಕದ ಮನೋವಿಜ್ಞಾನಿ ನಿಕೋಲಸ್ ಪಾಸ್ಟೋರ್ 1952ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಹೆಚ್ಚುಕಡಿಮೆ ಇದೇ ಸಂದರ್ಭ ಇಟ್ಟಿದ್ದರು. ಡ್ರೈವರ್ ಬೇಕೆಂದೇ ನಿಲ್ಲಿಸದೆ ಹೋದರೆ ಏನು ಮಾಡುತ್ತೀರಿ? ಅದು ಗ್ಯಾರೇಜಿಗೆ ಹೋಗುತ್ತಿರುವ ಬಸ್ ಅಂತ ಗೊತ್ತಾದರೆ? ಬಸ್ ತಪ್ಪಿದ್ದು ಎರಡರಲ್ಲೂ ಒಂದೇ, ಅಲ್ವಾ? ಸಿಟ್ಟು ಮಾತ್ರ ಮೊದಲನೆಯದಕ್ಕೇ ಜಾಸ್ತಿ. ಬಯಸಿದ್ದಕ್ಕೆ ಅಡ್ಡಿಯಾದರೆ ಮನುಷ್ಯ ಕೆರಳುತ್ತಾನೆ ಎಂದು ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು 1939ರಲ್ಲೇ ಹೇಳಿದ್ದರು. ಅಡ್ಡಿಗೆ ನ್ಯಾಯವಾದ ಕಾರಣ ಕಂಡರೆ ಆ ಕೋಪ ಇಳಿಯುತ್ತದೆ ಅನ್ನುವುದು ಪಾಸ್ಟೋರ್ ಸೇರಿಸಿದ ಮಾತು.

ನಮ್ಮ ಕಡೆ ಇದು ಹೊಸದೇನಲ್ಲ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದು ಎರಡು ತಾಸು ನಿಂತರೂ ಯಾರೂ ಡ್ರೈವರನ್ನು ಬೈಯುವುದಿಲ್ಲ, ಇಳಿದು ಕೊಂಬೆ ಎಳೆಯುತ್ತೇವೆ. ಸುಮ್ನೆ ಬಿಟ್ಟು ಹೋದಾಗ ಮಾತ್ರ ಹೊಟ್ಟೆ ಉರಿಯುತ್ತದೆ. ನಮ್ಮನ್ನು ಮನುಷ್ಯರು ಅಂತಲೇ ಲೆಕ್ಕಕ್ಕಿಟ್ಟಿಲ್ಲ ಅನಿಸುತ್ತದೆ.

ಬಸ್ ಮಾಲೀಕರಲ್ಲಿ ಕೇಳುವುದಿಷ್ಟೇ. ನಿಲುಗಡೆ ಇಲ್ಲದಿದ್ದರೆ ಎದುರಿನ ಗಾಜಿಗೆ ದೊಡ್ಡ ಅಕ್ಷರದ ಬೋರ್ಡ್ ಹಾಕಿ. ಹಿಂದೆ ಇನ್ನೊಂದು ಬಸ್ ಇದ್ದರೆ ಕಂಡಕ್ಟರ್ ಬಾಗಿಲಲ್ಲಿ ನಿಂತು ಒಂದು ಮಾತು ಕೂಗಿ ಹೇಳಲಿ.

ಇಂತಿ,
ದಿನನಿತ್ಯದ ಪ್ರಯಾಣಿಕ, ತೀರ್ಥಹಳ್ಳಿ ತಾಲ್ಲೂಕು