ಹಳೆ ಕಂಪ್ಯೂಟರಿನ ಬ್ಯಾಟರಿ ಮೊದಲು ತೆಗೆಸಿ

ಸಂಪಾದಕರೇ,

ನಮ್ಮೂರಿನ ಎಷ್ಟೋ ಅಟ್ಟಗಳಲ್ಲಿ 386, 486 ಎಂಬ ಪ್ರೊಸೆಸರ್ ಚಿಪ್ಪಿನ, 1990ರ ಆಸುಪಾಸಿನ ಕಂಪ್ಯೂಟರುಗಳು ಇನ್ನೂ ಇವೆ. ಅವನ್ನು ರಿಪೇರಿ ಮಾಡುವ ನನ್ನದೊಂದು ವಿನಂತಿ: ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಮೇಲಿನ ಬ್ಯಾಟರಿಯನ್ನು ಇವತ್ತೇ ತೆಗೆಸಿ.

ಆ ಕಾಲದ ಹಲವು ಬೋರ್ಡುಗಳಿಗೆ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸುಗೆ ಹಾಕಿರುತ್ತಿದ್ದರು. ಅದು ಸೋರಿದರೆ ಬರುವುದು ಕ್ಷಾರ. ಬೋರ್ಡಿನ ಹಸಿರು ಲೇಪದ ಅಡಿಗೆ ನುಗ್ಗಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಇನ್ನೂ ಜಾಸ್ತಿ. ಮೊನ್ನೆ ಮಲ್ಪೆಯ ಒಬ್ಬರು ತಂದ 386ರಲ್ಲಿ ಕೀಬೋರ್ಡ್ ಕನೆಕ್ಟರಿನ ಪಿನ್ನುಗಳೇ ಹಸಿರುಗಟ್ಟಿದ್ದವು.

ಹಾಗಂತ ಸುಮ್ನೆ ಗುಜರಿಗೆ ಹಾಕಬೇಡಿ. ಬ್ಯಾಟರಿ ತೆಗೆದು, ಕೈಗವಸು ಹಾಕಿ, ಬಿಳಿ ವಿನೆಗರ್‌ನಲ್ಲಿ ಮೆಲ್ಲಗೆ ಉಜ್ಜಿ. ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಪೂರ್ತಿ ಒಣಗಿದ ಮೇಲೆ ಮಲ್ಟಿಮೀಟರಿನಲ್ಲಿ ಒಂದೊಂದೇ ಗೆರೆ ಪರೀಕ್ಷಿಸಿ, ಕಡಿದಲ್ಲಿ ತೆಳು ತಂತಿ ಬೆಸೆಯಬೇಕು. ಕೆಲಸ ನಿಧಾನ, ಆದರೆ ಬೋರ್ಡ್ ಉಳಿಯುತ್ತದೆ ಅಲ್ವಾ? ಬದಲಿಗೆ ಬಟನ್ ಸೆಲ್ ಹಾಕುವವರು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಸೇರಿಸಲೇಬೇಕು. ಯಾಕೆಂದರೆ ಬೋರ್ಡ್ ಹಳೆ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು, ಆದರೆ ಆ ಸೆಲ್ಲನ್ನು ಚಾರ್ಜ್ ಮಾಡಬಾರದು.

ತೆಗೆದ ಬ್ಯಾಟರಿಯನ್ನು ಮನೆ ಕಸಕ್ಕೆ ಸೇರಿಸಬೇಡಿ. ಕ್ಯಾಡ್ಮಿಯಂ ವಿಷ. ಇಂಥವನ್ನು ಹಾಕಲು ನಗರಸಭೆ ಪ್ರತಿ ವಾರ್ಡಿನಲ್ಲೂ ಒಂದು ಡಬ್ಬ ಇಡಲಿ.

– ಓದುಗ, ಕುಂಜಿಬೆಟ್ಟು, ಉಡುಪಿ