ಹಳೆ ಕಾರಿನ ಎ.ಸಿ. ಸಾಮಾನು ಗುಜರಿ ಸುತ್ತಿಗೆಗೆ ಬೀಳದಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಹಳೆ ಕಾರುಗಳ ಮೆರವಣಿಗೆಯ ಚಿತ್ರ ಬಂದಿತ್ತು. ಬಣ್ಣ, ಹೊಳೆಯುವ ಬಂಪರ್, ಹೂವಿನ ಹಾರ, ಎಲ್ಲ ಚೆಂದ ಇತ್ತು. ಹಳೆ ಕಾರಿನ ಸುದ್ದಿ ಅಂದರೆ ಹೊರಗಿನ ಚೆಲುವಿನದೇ ಜಾಸ್ತಿ. ಒಳಗೆ ಕೂತವರ ಕಷ್ಟವನ್ನೂ ಯಾರಾದರೂ ಬರೆಯಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಲಬುರಗಿಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ನಮ್ಮ ಮನೆಯಲ್ಲಿ 1993ರ ಕಾಂಟೆಸ್ಸಾ ಕ್ಲಾಸಿಕ್ ಇದೆ. ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಇರುವುದು. ನಮ್ಮ ಯಜಮಾನರು ಸಾಲ ಮಾಡಿ ತಂದ ಕಾರು. ಎ.ಸಿ. ಇರುವುದೇ ಬೇಕು ಎಂದು ಹಟ ಹಿಡಿದಿದ್ದರು, ಏಕೆಂದರೆ ನಮ್ಮ ಅತ್ತೆಯವರಿಗೆ ಉಬ್ಬಸ ಇತ್ತು. ಮೇ ತಿಂಗಳಲ್ಲಿ ಅವರನ್ನು ಸೊಲ್ಲಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೆಂದರೆ 40 ಡಿಗ್ರಿ ದಾಟಿದ ಬಿಸಿಲು, ಕಿಟಕಿ ತೆರೆದರೆ ಕೆಂಡದಂಥ ಗಾಳಿ. ಆ ಕಾರಿನಲ್ಲಿ ಅವರು ನಿದ್ದೆ ಮಾಡುತ್ತ ಹೋಗಿ ಬರುತ್ತಿದ್ದರು. ಈಗ ಅತ್ತೆಯವರೂ ಇಲ್ಲ, ಯಜಮಾನರೂ ಇಲ್ಲ. ಕಾರು ಇದೆ. ನಾನೇ ಓಡಿಸುತ್ತೇನೆ.

ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಎ.ಸಿ. ಬಿಸಿ ಗಾಳಿ ಊದತೊಡಗಿತು. ಒಂದು ಗ್ಯಾರೇಜಿಗೆ ಬಿಟ್ಟೆ. ಗ್ಯಾಸ್ ತುಂಬಿದರು, ದುಡ್ಡು ತೆಗೆದುಕೊಂಡರು. ಮೂರು ವಾರಕ್ಕೆ ತಂಪು ಹೋಯಿತು. ಮತ್ತೆ ತುಂಬಿದರು. ಮತ್ತೆ ಹೋಯಿತು. ಮೂರನೇ ಸಲ ತುಂಬಿದ ಮೇಲೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕಿರುಚಿ, ಜಾಮ್ ಆಗಿ ನಿಂತುಬಿಟ್ಟಿತು. ಎಲ್ಲಿ ಸೋರುತ್ತಿದೆ ಎಂದು ಒಮ್ಮೆಯೂ ಹುಡುಕಿರಲಿಲ್ಲ. ಕೊನೆಗೆ ಅಲ್ಲಿನ ಮೇಸ್ತ್ರಿ ಹೇಳಿದ್ದು ಇಷ್ಟೇ: "ಅಕ್ಕೋರೇ, ಇದರ ಸಾಮಾನು ಈಗ ಬರಂಗಿಲ್ರಿ. ಗುಜರಿಗೆ ಕೊಟ್ಟು ಬಿಡ್ರಿ."

ಮನಸ್ಸಿಗೆ ಬಹಳ ನೋವಾಯಿತು. ಆದರೆ ಮೂವತ್ತು ವರ್ಷ ಮಕ್ಕಳಿಗೆ "ಬರೆದುಕೊಳ್ಳಿ, ಅಳೆಯಿರಿ" ಎಂದವಳು ನಾನು. ಒಂದು ನೋಟ್‌ಬುಕ್, ಒಂದು ಟೇಪು, ಮೊಮ್ಮಗನ ವರ್ನಿಯರ್ ಕ್ಯಾಲಿಪರ್ ಹಿಡಿದು ಕಾರಿನ ಮುಂದೆ ಕೂತೆ.

ಮೊದಲು ಗ್ಯಾಸಿನ ವಿಷಯ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಶುರುವಾಗುವುದು. ಆ ಕಾಲದ ಕಾರುಗಳಲ್ಲಿ ಇದ್ದದ್ದು ಆರ್-12 ಎಂಬ ಗ್ಯಾಸ್. ಅದರಲ್ಲಿರುವ ಕ್ಲೋರಿನ್ ಮೇಲೆ ಹೋಗಿ ಓಝೋನ್ ಪದರವನ್ನು ತಿನ್ನುತ್ತದೆ ಎಂದು ವಿಜ್ಞಾನಿಗಳಾದ ರೋಲೆಂಡ್ ಮತ್ತು ಮೊಲಿನಾ 1974ರಲ್ಲೇ ಎಚ್ಚರಿಸಿದ್ದರು. 1987ರ ಸೆಪ್ಟೆಂಬರ್ 16ರಂದು ಇಂಥ ಗ್ಯಾಸುಗಳನ್ನು ನಿಲ್ಲಿಸಲು ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. 2008ರ ಆಗಸ್ಟ್ 1ರಿಂದ, ಉಬ್ಬಸದವರು ಬಳಸುವ ಇನ್‌ಹೇಲರ್‌ಗೆ ಬೇಕಾದಷ್ಟು ಬಿಟ್ಟು, ನಮ್ಮ ದೇಶದಲ್ಲಿ ಈ ಜಾತಿಯ ಗ್ಯಾಸ್ ತಯಾರಿಸುವುದು ನಿಂತಿತು. ಪ್ರತಿ ವರ್ಷ ಓಝೋನ್ ದಿನದಂದು ಇದನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಅದು ನಿಂತದ್ದು ಒಳ್ಳೆಯದೇ. ನನ್ನ ಕಾರಿಗೆ ಅದು ಮತ್ತೆ ಬೇಕು ಎಂದು ನಾನು ಕೇಳುತ್ತಿಲ್ಲ.

ಅದರ ಬದಲಿಗೆ ಬಂದದ್ದು ಆರ್-134ಎ. ಸುಮ್ನೆ ಹಳೆ ಗ್ಯಾಸಿನ ಜಾಗಕ್ಕೆ ಇದನ್ನು ತುಂಬಿದರೆ ಕೆಲಸ ಕೆಡುತ್ತದೆ. ಹಳೆ ಕಂಪ್ರೆಸರಿನಲ್ಲಿ ಇರುವುದು ಮಿನರಲ್ ಆಯಿಲ್. ಹೊಸ ಗ್ಯಾಸ್ ಆ ಎಣ್ಣೆಯ ಜೊತೆ ಬೆರೆಯುವುದಿಲ್ಲ. ಎಣ್ಣೆ ಪೈಪುಗಳಲ್ಲೇ ಉಳಿದು, ತಿರುಗಿ ಬರದೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ನನ್ನ ಕಾರಿಗೆ ಆದದ್ದು ಇದೇ. ಹೊಸ ಗ್ಯಾಸಿಗೆ ಎಸ್ಟರ್ ಅಥವಾ ಪಿಎಜಿ ಎಂಬ ಕೃತಕ ಎಣ್ಣೆ ಹಾಕಬೇಕು. ಒಳಗಿನ ತೇವ ಹೀರುವ ಡ್ರೈಯರ್ ಬದಲಿಸಬೇಕು. ಒಳಗೆ ಪದರ ಇರುವ ಬ್ಯಾರಿಯರ್ ಹೋಸ್ ಹಾಕಬೇಕು, ಇಲ್ಲದಿದ್ದರೆ ಈ ಗ್ಯಾಸಿನ ಸಣ್ಣ ಅಣುಗಳು ಹಳೆ ರಬ್ಬರಿನ ಮೂಲಕವೇ ನುಸುಳುತ್ತವೆ. ಪೈಪು ಜೋಡಿಸುವಲ್ಲಿ ಕೂರುವ ರಬ್ಬರ್ ಬಳೆಗಳು, ಅಂದರೆ ಓ-ರಿಂಗುಗಳೂ ಬೇರೆ. ತುಂಬುವ ಪ್ರಮಾಣವೂ ಹಳೆಯದರ ನೂರಕ್ಕೆ 80ರಿಂದ 90ರಷ್ಟು ಮಾತ್ರ.

ಈಗ ಸಾಮಾನು ಹುಡುಕಿದ ಕಥೆ. ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಜೆ.ಸಿ. ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ "ಕಾಂಟೆಸ್ಸಾ ಎ.ಸಿ. ಕಂಪ್ರೆಸರ್ ಇದೆಯಾ?" ಎಂದೆ. ನನ್ನ ಮಾತು ಮುಗಿಯುವ ಮೊದಲೇ ಹುಡುಗ ತಲೆ ಅಲ್ಲಾಡಿಸಿದ. ಹೀಗೆ ಏಳು ಅಂಗಡಿ. ಆಮೇಲೆ ಚಹಾ ಕುಡಿಯುತ್ತ ನೋಟ್‌ಬುಕ್ ತೆರೆದೆ. ಕಂಪ್ರೆಸರ್ ಮೇಲೆ ಮಾಸಿಹೋದ ಒಂದು ಚೀಟಿ ಇತ್ತು. ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ ಓದಿಕೊಂಡಿದ್ದೆ: ಸ್ಯಾಂಡೆನ್, 508. ಮೊದಲನೆಯದು ಕಂಪನಿ, ಎರಡನೆಯದು ಮಾದರಿ. ಮತ್ತೆ ಮೊದಲಿನ ಅಂಗಡಿಗೇ ಹೋದೆ. ಈ ಸಲ ಕಾರಿನ ಹೆಸರು ಎತ್ತಲಿಲ್ಲ. "ಐದು ಪಿಸ್ಟನ್, 138 ಸಿಸಿ, 12 ವೋಲ್ಟ್ ಕ್ಲಚ್, ಎ-ಗ್ರೂವ್ ಪುಲ್ಲಿ" ಎಂದೆ. ಅದೇ ಹುಡುಗ ಕೇಳಿದ್ದು: "ಹೊಸದು ಬೇಕಾ ಮೇಡಂ, ರೀಕಂಡೀಷನ್ ಮಾಡಿದ್ದಾ?"

508ರ ನಂತರ ಬಂದದ್ದು 5ಎಚ್14 ಎಂಬ ಮಾದರಿ. ಅದೂ 138 ಸಿಸಿ, ಆದರೆ 134ಎ ಗ್ಯಾಸಿಗೆಂದೇ ಮಾಡಿದ್ದು. ಟ್ರ್ಯಾಕ್ಟರ್ ಕ್ಯಾಬಿನ್, ಮಣ್ಣು ಅಗೆಯುವ ಯಂತ್ರ, ಚಿಕ್ಕ ಬಸ್ಸು, ಎಲ್ಲ ಕಡೆ ಇದೇ ಜಾತಿಯ ಕಂಪ್ರೆಸರ್ ಓಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಯಾವಾಗಲೂ ಇರುತ್ತದೆ. ನೋಡಿಕೊಳ್ಳಬೇಕಾದ್ದು ಕ್ಲಚ್ 12 ವೋಲ್ಟಿನದೋ 24 ವೋಲ್ಟಿನದೋ ಎಂದು, ಬೋಲ್ಟ್ ಕೂರುವ ಕಿವಿಗಳ ನಡುವಿನ ಅಂತರ, ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗ್ರೂವ್. ಬ್ರಾಕೆಟ್‌ಗೆ ಒಂದು ವಾಷರ್ ಸೇರಿಸಬೇಕಾಯಿತು, ಅಷ್ಟೇ.

ಗ್ಯಾಸಿನ ಶಾಖವನ್ನು ಹೊರಹಾಕುವ ಕಂಡೆನ್ಸರನ್ನೂ ಹೀಗೇ ತಂದೆ. ರೇಡಿಯೇಟರ್ ಮುಂದಿನ ಜಾಗದ ಉದ್ದ ಅಗಲ ಬರೆದುಕೊಂಡು ಹೋಗಿ, ಅದಕ್ಕೆ ಕೂರುವ ಪ್ಯಾರಲಲ್ ಫ್ಲೋ ಕಂಡೆನ್ಸರ್ ತೆಗೆದುಕೊಂಡೆ. 134ಎ ಗ್ಯಾಸಿಗೆ ಇದೇ ಒಳ್ಳೆಯದು, ಹಳೆಯದಕ್ಕಿಂತ ಇದರಲ್ಲಿ ಶಾಖ ಚೆನ್ನಾಗಿ ಹೊರಗೆ ಹೋಗುತ್ತದೆ. ಹೋಸುಗಳನ್ನು ಅಡಿ ಲೆಕ್ಕದಲ್ಲಿ ಕೊಂಡು, ಹಳೆ ತುದಿಗಳನ್ನೇ ತೋರಿಸಿ ಪ್ರೆಸ್ ಮಾಡಿಸಿದೆ. ಹಳೆ ಹೋಸನ್ನು ಗ್ಯಾರೇಜಿನವರು ಬಿಸಾಡಿದ್ದರೆ ಇದು ಆಗುತ್ತಿರಲಿಲ್ಲ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲೇ ಸೋರಿಕೆ ಇತ್ತು. ನನ್ನ ಕಾರಿನದು ತಾಮ್ರದ ಕಾಯಿಲ್. ನಮ್ಮೂರಿನ ಫ್ರಿಜ್ ರಿಪೇರಿಯವರು ನೈಟ್ರೋಜನ್ ತುಂಬಿ, ನೀರಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಜಾಗಕ್ಕೆ ಬೆಸುಗೆ ಹಾಕಿದರು. ಬ್ಲೋವರ್ ಮೋಟಾರಿಗೆ ಹೊಸ ಕಾರ್ಬನ್ ಹಾಕಿಸಿದ್ದು ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯಲ್ಲಿ. ಒಳಗಿನ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪನ್ನು ಮುಕ್ಕಾಲು ಗಂಟೆ ಓಡಿಸಿ, ಗೇಜಿನ ಮುಳ್ಳು ಅಲ್ಲಾಡದೆ, ಅಂದರೆ ಸೋರಿಕೆಯಿಲ್ಲದೆ, ನಿಂತದ್ದನ್ನು ನನ್ನ ಕಣ್ಣಾರೆ ನೋಡಿದ ಮೇಲೆಯೇ ಗ್ಯಾಸ್ ತುಂಬಲು ಬಿಟ್ಟೆ.

ಆದರೆ ಕೆಲವಕ್ಕೆ ಬದಲಿ ಇಲ್ಲ. ಗಾಳಿ ಮುಖಕ್ಕೆ ಬರಬೇಕೋ ಕಾಲಿಗೆ ಬರಬೇಕೋ ಎಂದು ಸರಿಸುವ ಲಿವರ್‌ಗಳ ಫಲಕ, ಗುಬುಟುಗಳು, ಗಾಳಿ ಬರುವ ಪ್ಲಾಸ್ಟಿಕ್ ಜಾಲರಿ, ಹೀಟರ್ ವಾಲ್ವ್. ಇವು ಆ ಕಾರಿನವೇ ಆಗಬೇಕು. ಫಲಕ ಹುಡುಕುತ್ತ ಒಂದು ಗುಜರಿ ಅಂಗಳಕ್ಕೆ ಹೋದೆ. ಅಲ್ಲೊಂದು ಬಿಳಿ ಕಾಂಟೆಸ್ಸಾ ಇತ್ತು. ನಾನು ತಲುಪುವ ಅರ್ಧ ಗಂಟೆ ಮೊದಲು ಡ್ಯಾಶ್‌ಬೋರ್ಡನ್ನು ಸುತ್ತಿಗೆಯಿಂದ ಒಡೆದು ತೆಗೆದಿದ್ದರು. ನಾಲ್ಕು ಜಾಲರಿಗಳಲ್ಲಿ ಒಂದು ಮಾತ್ರ ಇಡಿಯಾಗಿತ್ತು. ಹೀಟರ್ ಡಬ್ಬಿ ಚೂರು ಚೂರು. ತೂಕಕ್ಕೆ ಹಾಕಿದರೆ ಆ ಪ್ಲಾಸ್ಟಿಕ್ಕಿಗೆ ಏನೂ ಬೆಲೆ ಇಲ್ಲ. ನನಗೆ ಅದು ಎಷ್ಟಾಗಿತ್ತು ಎಂದು ಅವರಿಗೆ ಹೇಗೆ ಹೇಳಲಿ? ಆ ಒಂದು ಜಾಲರಿಯನ್ನು ಸೆರಗಿನಲ್ಲಿ ಒರೆಸಿ ತಂದೆ.

ಅದಕ್ಕೇ ನನ್ನ ಕೋರಿಕೆ ಮುಖ್ಯವಾಗಿ ಇದು. 2021ರಿಂದ ಹಳೆ ವಾಹನ ಕಳಚಲು ಸರ್ಕಾರವೇ ನೋಂದಣಿ ಕೊಟ್ಟ ಕೇಂದ್ರಗಳು ಬರುತ್ತಿವೆ. ಅಲ್ಲಿ 25, 30 ವರ್ಷದ ಕಾರು ಬಂದಾಗ, ಒಡೆಯುವ ಮೊದಲು ಎ.ಸಿ. ಮತ್ತು ಹೀಟರ್ ಭಾಗಗಳನ್ನು ಸ್ಕ್ರೂ ಬಿಚ್ಚಿ ತೆಗೆದಿಡುವಂತೆ ಸಾರಿಗೆ ಇಲಾಖೆ ಸೂಚಿಸಬೇಕು. ಒಂದು ಪಟ್ಟಿ ಮಾಡಿ ಜನರಿಗೆ ಕಾಣುವಂತೆ ಹಾಕಬೇಕು. ಒಂದು ಗಂಟೆಯ ಕೆಲಸ. ಒಳಗೆ ಉಳಿದ ಗ್ಯಾಸನ್ನೂ ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಆರ್-12 ಓಝೋನಿಗಷ್ಟೇ ಕೆಡುಕಲ್ಲ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 10,900 ಪಟ್ಟು ಜೋರು. 134ಎ ಕೂಡ 1,430 ಪಟ್ಟು. ಸೋರುವ ಕಾರಿಗೆ ತಿಂಗಳಿಗೊಮ್ಮೆ ಗ್ಯಾಸ್ ತುಂಬುವವರು ಇದನ್ನು ಯೋಚಿಸಬೇಕು ಅಲ್ವಾ? ಮಾಂಟ್ರಿಯಲ್ ಒಪ್ಪಂದಕ್ಕೆ ಆಮೇಲೆ ಮಾಡಿದ ಕಿಗಾಲಿ ತಿದ್ದುಪಡಿಯ ಪ್ರಕಾರ 2028ರಿಂದ ಭಾರತ 134ಎ ಗುಂಪಿನ ಗ್ಯಾಸುಗಳ ಬಳಕೆಗೆ ಮಿತಿ ಹಾಕಬೇಕು, 2032ರಿಂದ ಇಳಿಸುತ್ತ ಹೋಗಬೇಕು. ಆಗ ಸೋರಿಕೆ ಹುಡುಕಿ ನಿಲ್ಲಿಸಲು ಬಲ್ಲವರೇ ಬೇಕಾಗುತ್ತದೆ.

ಅಗ್ಗ ಎಂದು ಅಡುಗೆ ಗ್ಯಾಸಿನಂಥ ಉರಿಯುವ ಗ್ಯಾಸ್ ತುಂಬಿಸಿಕೊಳ್ಳಬೇಡಿ ಎಂದು ಓದುಗರಲ್ಲಿ ಕೈಮುಗಿದು ಕೇಳುತ್ತೇನೆ. ನನಗೂ ಒಬ್ಬರು "ಹಾಕಿಕೊಡ್ತೀವಿ" ಎಂದಿದ್ದರು, ಬೇಡವೆಂದೆ. ಕೂಲಿಂಗ್ ಕಾಯಿಲ್ ಇರುವುದು ಮುಂದಿನ ಸೀಟಿನವರ ಮೊಣಕಾಲಿನ ಎದುರಿಗೆ. ಅಲ್ಲಿ ಸೋರಿದರೆ ಗ್ಯಾಸ್ ಕಾರಿನ ಒಳಗೇ ತುಂಬುತ್ತದೆ.

ಕಾಂಟೆಸ್ಸಾ 1984ರಲ್ಲಿ ಬಂತು, 2002ರಲ್ಲಿ ನಿಂತಿತು. 2022ರಲ್ಲಿ ಆ ಹೆಸರನ್ನು ಬೇರೊಂದು ಸಂಸ್ಥೆ ಕೊಂಡಿದೆ. ಕಾರಿನ ಹೆಸರು ಕೈಬದಲಾಗುವಾಗ ಬಿಡಿಭಾಗಗಳ ಪಟ್ಟಿ, ಅಳತೆ, ನಕ್ಷೆಗಳೂ ಜನರಿಗೆ ಸಿಗುವಂತಾಗಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಜಾಲತಾಣ ತೆರೆದಿದೆ. ವಾಹನಗಳೂ ಅದರಲ್ಲಿ ಸೇರಿವೆ. ತಯಾರಿಕೆ ನಿಂತ ಕಾರುಗಳ ನಕ್ಷೆ ಇಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. 50 ವರ್ಷ ದಾಟಿದ ಕಾರಿಗೆ ವಿಂಟೇಜ್ ಎಂದು ಬೇರೆ ನೋಂದಣಿ ಇದೆ. ನಮ್ಮಂಥವರ ಕಾರು ಅದಕ್ಕೂ ಸೇರದು. ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ದಿನವೂ ರಸ್ತೆಯಲ್ಲಿ ಓಡುತ್ತದೆ, ಹಾಗಾಗಿ ಸಾಮಾನಿನ ಅಗತ್ಯವೂ ನಮಗೇ ಜಾಸ್ತಿ.

ನನ್ನ ಕಾರಿಗೆ ಇನ್ನೂ ಒಂದು ಬೇಕು: ಹೀಟರ್ ವಾಲ್ವ್. ಕಲಬುರಗಿಯಲ್ಲಿ ಹೀಟರ್ ಯಾಕೆ ಎಂದು ಕೇಳಬಹುದು. ಆ ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಎಂಜಿನ್ನಿನ ಬಿಸಿನೀರು ಡ್ಯಾಶ್‌ಬೋರ್ಡ್ ಒಳಗೆ ಸುತ್ತುತ್ತಲೇ ಇರುತ್ತದೆ, ಎ.ಸಿ. ಎಷ್ಟು ತಣ್ಣಗೆ ಮಾಡಿದರೂ ಅದನ್ನು ಬಿಸಿ ಮಾಡುತ್ತದೆ. ಸದ್ಯಕ್ಕೆ ಎರಡೂ ಹೋಸನ್ನು ಒಂದು ಪೈಪಿನ ತುಂಡಿನಿಂದ ಜೋಡಿಸಿ ನೀರನ್ನು ಹೊರಗೇ ತಿರುಗಿಸಿದ್ದೇನೆ. ಮಳೆಗಾಲದಲ್ಲಿ ಗಾಜಿನ ಮೇಲೆ ಕಟ್ಟುವ ಮಂಜು ಒರೆಸಿಕೊಂಡು ಓಡಿಸಬೇಕಾಗಿದೆ. ಬೇಕಾದದ್ದು ಕೇಬಲ್ ಎಳೆದರೆ ಮುಚ್ಚುವ ವಾಲ್ವ್, ಎರಡೂ ಬಾಯಿ 16 ಮಿಲಿಮೀಟರ್. ಯಾರ ಮನೆಯ ಅಟ್ಟದಲ್ಲಾದರೂ, ಯಾರ ಗ್ಯಾರೇಜಿನ ಡಬ್ಬಿಯಲ್ಲಾದರೂ ಇದ್ದರೆ ಪತ್ರಿಕೆಯ ಕಚೇರಿಗೆ ತಿಳಿಸಿ, ನನಗೆ ಮುಟ್ಟುತ್ತದೆ. ನನ್ನ ಹತ್ತಿರ ಎರಡು ಎಕ್ಸ್‌ಪ್ಯಾನ್ಷನ್ ವಾಲ್ವ್, ಒಂದು ಬ್ಲೋವರ್ ರೆಸಿಸ್ಟರ್ ಹೆಚ್ಚಿಗೆ ಇವೆ. ಬೇಕಾದವರಿಗೆ ಕೊಡುತ್ತೇನೆ. ನೋಟ್‌ಬುಕ್ಕಿನ ಝೆರಾಕ್ಸ್ ಕೂಡ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಕಲಬುರಗಿ