ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ: ಮೊದಲು ಸಂಬಳದ ದುಡ್ಡು ಇಡಿಸಿ, ಆಮೇಲೆ ಆಟ ಆಡಿಸಿ

ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ. ಕೆಳ ಹಂತದ ಲೀಗಿನಲ್ಲಿ ಆಡುವ ಒಂದು ಫುಟ್ಬಾಲ್ ಕ್ಲಬ್ಬಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವನು ನಾನು. ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಆ ಒಂದು ಕ್ಲಬ್ಬಿಗೆ ನೋಟಿಸ್ ಕಳಿಸಿ ಫೈಲು ಮುಚ್ಚುತ್ತೀರಿ. ಹೆಸರಿಲ್ಲದಿದ್ದರೆ ಎಲ್ಲ ಕ್ಲಬ್ಬುಗಳ ಪುಸ್ತಕವನ್ನೂ ತೆರೆಸಬೇಕಾಗುತ್ತದೆ, ಅಲ್ವಾ?

ನಾನು ಕೇಳುತ್ತಿರುವುದು ಒಂದೇ. ಸೀಸನ್ ಶುರುವಾಗುವ ಮೊದಲು ಪ್ರತಿ ಕ್ಲಬ್ಬೂ ಆಟಗಾರರ ಸಂಬಳದ ದುಡ್ಡನ್ನು ಬೇರೆ ಖಾತೆಯಲ್ಲಿ ಇಡಬೇಕು. ಪೂರ್ತಿ ಸೀಸನ್ನಿನದ್ದು ಆಗದಿದ್ದರೆ ಮೂರು ತಿಂಗಳದ್ದಾದರೂ ಇರಲಿ. ಅದನ್ನು ತೋರಿಸದ ಕ್ಲಬ್ಬಿಗೆ ಒಬ್ಬ ಆಟಗಾರನನ್ನೂ ನೋಂದಣಿ ಮಾಡಿಕೊಡಬಾರದು.

ಇದನ್ನೇ ನಿಮ್ಮ ಇಲಾಖೆಗೆ ಬರೆದೆ. 'ಇದು ಫೆಡರೇಶನ್ನಿಗೆ ಸಂಬಂಧಿಸಿದ್ದು' ಎಂದು ಉತ್ತರ ಬಂತು. ಫೆಡರೇಶನ್ನಿಗೆ ಬರೆದೆ. 'ಲೀಗ್ ಸಮಿತಿ ಗಮನಿಸುತ್ತದೆ' ಅಂದರು. ಲೀಗ್ ಸಮಿತಿಯವರು 'ಅದು ಕ್ಲಬ್ಬಿಗೂ ಆಟಗಾರನಿಗೂ ಬಿಟ್ಟ ವಿಷಯ' ಅಂದರು. ಕ್ಲಬ್ಬಿನವರು ನನ್ನನ್ನು ಕೂರಿಸಿಕೊಂಡು 'ನಿಮಗ್ಯಾಕೆ ಬೇಕು ಇದೆಲ್ಲ' ಅಂದರು. ವರ್ಷಗಟ್ಟಲೆ ಇದೇ ಸುತ್ತು. ಅದಕ್ಕೇ ಈ ಸಲ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಿಯಮಗಳು ನಿಮಗೆ ಗೊತ್ತಿಲ್ಲದವೇನಲ್ಲ. ಜಾಗತಿಕ ಫುಟ್ಬಾಲ್ ಸಂಸ್ಥೆ ಫಿಫಾದ ವರ್ಗಾವಣೆ ನಿಯಮಗಳಲ್ಲಿ 12ಬಿಸ್ (12ನೇ ನಿಯಮದ ಜತೆಗೆ ಸೇರಿಸಿದ್ದು) ಅಂತ ಒಂದಿದೆ. ಕೊಡಬೇಕಾದ ದುಡ್ಡನ್ನು 30 ದಿನಕ್ಕಿಂತ ಜಾಸ್ತಿ ಬಾಕಿ ಉಳಿಸಿಕೊಂಡ ಕ್ಲಬ್ಬಿಗೆ ದಂಡ ಹಾಕಬಹುದು, ಹೊಸ ಆಟಗಾರರನ್ನು ತರದಂತೆ ತಡೆಯಬಹುದು. 2018ರಲ್ಲಿ 14ಬಿಸ್ ಬಂತು. ಎರಡು ತಿಂಗಳ ಸಂಬಳ ಬಾಕಿ ಇದ್ದರೆ, ಆಟಗಾರ ಲಿಖಿತ ನೋಟಿಸ್ ಕೊಟ್ಟು 15 ದಿನ ಕಾದು ಒಪ್ಪಂದ ಮುರಿದುಕೊಂಡು ಹೋಗಬಹುದು. ಓದುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಫಿಫಾದ ನ್ಯಾಯಮಂಡಳಿ ಬೇರೆ ಬೇರೆ ದೇಶದ ಕ್ಲಬ್ ಮತ್ತು ಆಟಗಾರರ ನಡುವಿನ ಜಗಳವನ್ನು ಮಾತ್ರ ಕೈಗೆತ್ತಿಕೊಳ್ಳುತ್ತದೆ. ವಿದೇಶಿ ಆಟಗಾರ ಅಲ್ಲಿಗೆ ಹೋಗುತ್ತಾನೆ. ನಮ್ಮ ಹುಡುಗ ನಮ್ಮ ಕ್ಲಬ್ಬಿನ ಮೇಲೆ ದೂರು ಕೊಡಬೇಕಾದರೆ ನಮ್ಮ ಫೆಡರೇಶನ್ನಿನ ಬಾಗಿಲನ್ನೇ ತಟ್ಟಬೇಕು. ಆ ಬಾಗಿಲ ಹಿಂದೆ ಯಾರು ಕೂತಿದ್ದಾರೆ ಅಂತ ನಿಮಗೂ ಗೊತ್ತು. ಕ್ಲಬ್ಬುಗಳ ಪದಾಧಿಕಾರಿಗಳೇ.

ದುಡ್ಡು ಎಲ್ಲಿ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಹೇಳುತ್ತೇನೆ, ಕೇಳಿ. ಮೇಲಿನ ಲೀಗಿನಲ್ಲಿ ಟಿವಿ ಹಕ್ಕಿನ ದುಡ್ಡು ಇದೆ. ಕೆಳಗೆ ಅದು ಇಲ್ಲ ಅಂತಲೇ ಹೇಳಬಹುದು. ಇರುವುದು ಗೇಟಿನಲ್ಲಿ ಬರುವ ಟಿಕೆಟ್ ದುಡ್ಡು, ಒಂದಿಬ್ಬರು ಪ್ರಾಯೋಜಕರು, ಚೂರುಪಾರು ಅನುದಾನ, ಉಳಿದಂತೆ ಮಾಲೀಕನ ಜೇಬು. ನಾವು ಬೆಳೆಸಿದ ಹುಡುಗ ಮುಂದೆ ದೊಡ್ಡ ಕ್ಲಬ್ಬಿಗೆ ಹೋದಾಗ ವರ್ಗಾವಣೆ ಹಣದಲ್ಲಿ ಶೇ. 5ರಷ್ಟನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚುವ ಫಿಫಾ ನಿಯಮವೂ ಇದೆ. ಅಂಥ ಹುಡುಗ ಎಲ್ಲೋ ಅಪರೂಪಕ್ಕೆ ಒಬ್ಬ. ಪಂದ್ಯಗಳು ನಡೆಯುವಷ್ಟು ದಿನ ಮಾತ್ರ ಗೇಟಿನ ದುಡ್ಡು. ಮಳೆ ಬಂದು ಪಂದ್ಯ ಮುಂದೆ ಹೋದರೆ ಅದೂ ಇಲ್ಲ. ಆದರೆ ವರ್ಷದ ಒಪ್ಪಂದ ಮಾಡಿಕೊಂಡ ಆಟಗಾರನಿಗೆ ಹನ್ನೆರಡು ತಿಂಗಳೂ ಸಂಬಳ ಕೊಡಬೇಕು. ಆಟವಿಲ್ಲದ ತಿಂಗಳಲ್ಲಿ ಏನು ಮಾಡುತ್ತಾರೆ? ಮುಂದಿನ ಸೀಸನ್ನಿನ ಟಿಕೆಟ್ಟನ್ನು ಈಗಲೇ ಮಾರಿ ಹೋದ ಸೀಸನ್ನಿನ ಬಾಕಿ ತೀರಿಸುತ್ತಾರೆ. ಹೊಸ ಸೀಸನ್ ಶುರುವಾಗುವಾಗಲೇ ಪೆಟ್ಟಿಗೆ ಖಾಲಿ.

ಅದರ ಮೇಲೆ ಗೆಲುವಿನ ಬೋನಸ್ ಅಂತ ಒಂದು ಇದೆ. ತಂಡ ಗೆದ್ದಷ್ಟೂ ಲೆಕ್ಕ ನೋಡುವವನಿಗೆ ಎದೆ ಬಡಿತ ಜಾಸ್ತಿ. ನಗಬೇಡಿ, ನಿಜ. ಮೇಲಿನ ಹಂತದ ಲೀಗಿಗೆ ಬಡ್ತಿ ಸಿಕ್ಕರೆ ಇಷ್ಟು ಬೋನಸ್ ಅಂತ ಆಟಗಾರರಿಗೆಲ್ಲ ಬರೆದುಕೊಟ್ಟಿರುತ್ತಾರೆ. ಸಿಕ್ಕಿಬಿಟ್ಟರೆ ಎಲ್ಲಿಂದ ಕೊಡುವುದು ಅಂತ ಯಾರೂ ಯೋಚಿಸಿರುವುದಿಲ್ಲ. ಕೆಳಕ್ಕೆ ಇಳಿದರೆ ಸಂಬಳ ಎಷ್ಟು ಕಡಿಮೆಯಾಗಬೇಕು ಅನ್ನುವ ಸಾಲು ಒಪ್ಪಂದದಲ್ಲಿ ಇರುವುದೇ ಇಲ್ಲ. ಇನ್ನು ಎರಡು ಕಾಗದದ ಕಥೆ. ಲೀಗಿಗೆ ಕೊಡುವ ಒಪ್ಪಂದದಲ್ಲಿ ಒಂದು ಮೊತ್ತ, 'ಒಳಗಿನ' ಕಾಗದದಲ್ಲಿ ಇನ್ನೊಂದು. ಬಾಕಿ ಬಿದ್ದಾಗ ಆಟಗಾರ ಆ ಒಳಗಿನ ಕಾಗದ ತಂದರೆ 'ಇದು ನಮ್ಮ ದಾಖಲೆಯಲ್ಲಿ ಇಲ್ಲ' ಅಂತಾರೆ. ಸಂಬಳದಿಂದ ತೆರಿಗೆ ಹಿಡಿದುಕೊಳ್ಳುತ್ತಾರೆ, ಕಟ್ಟುವುದಿಲ್ಲ.

ಈಗ ಆ ಘಟನೆ. ಇದನ್ನು ಬರೆಯಬಾರದು ಅಂತಲೇ ಇಷ್ಟು ದಿನ ಸುಮ್ಮನಿದ್ದೆ.

ಸೀಸನ್ನಿನ ಕೊನೇ ಪಂದ್ಯ. ನಾಲ್ಕು ತಿಂಗಳ ಸಂಬಳ ಬಾಕಿ. ಹುಡುಗರು ಡ್ರೆಸ್ಸಿಂಗ್ ರೂಮಿನಲ್ಲಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಒಂದು ಕಟ್ಟು ಕಾಗದ ಹಿಡಿದು ಒಳಗೆ ಬಂದರು. ಎಲ್ಲ ಕಾಗದದಲ್ಲೂ ಒಂದೇ ಸಾಲು: 'ಕ್ಲಬ್ಬಿನಿಂದ ನನಗೆ ಬರಬೇಕಾದ ಯಾವ ಬಾಕಿಯೂ ಇಲ್ಲ.' ಕೆಳಗೆ ಸಹಿಗೆ ಜಾಗ. ಮುಂದಿನ ಸೀಸನ್ನಿನ ಲೈಸೆನ್ಸಿಗೆ ಅದನ್ನು ಸಮಿತಿಗೆ ಕೊಡಬೇಕಿತ್ತು.

ಯಾರೂ ಪೆನ್ನು ಮುಟ್ಟಲಿಲ್ಲ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಗೋಲ್‌ಕೀಪರ್ ಕೇಳಿದ, 'ಸಾರ್, ಬಾಕಿ ಇಲ್ಲ ಅಂದ್ರೆ ಕೊಟ್ಟಿದ್ದೀರಾ?' ಅವನು ಗಾಯ ಮಾಡಿಕೊಂಡದ್ದು ಕ್ಲಬ್ಬಿಗೆ ಆಡುವಾಗಲೇ. ಆಸ್ಪತ್ರೆಯ ಬಿಲ್ಲು ಕಟ್ಟಿದ್ದು ಅವನ ಅಣ್ಣ. ಕಾರ್ಯದರ್ಶಿಗೆ ಸಿಟ್ಟೂ ಬರಲಿಲ್ಲ ನೋಡಿ. ನಕ್ಕರು. 'ದುಡ್ಡು ಸೋಮವಾರ ಬರುತ್ತೆ. ಇದು ಬರೀ ಫಾರ್ಮಾಲಿಟಿ. ಸಹಿ ಹಾಕದವರಿಗೆ ರಿಲೀಸ್ ಲೆಟರ್ ಕೊಡಲ್ಲ, ಅಷ್ಟೇ' ಅಂದರು.

ಒಪ್ಪಂದ ಮುಗಿದ ಆಟಗಾರ ಹೊಸ ಕ್ಲಬ್ಬಿಗೆ ಹೋಗುವುದನ್ನು ಹಳೆ ಕ್ಲಬ್ಬು ತಡೆಯುವ ಹಾಗಿಲ್ಲ ಅನ್ನುವುದು ಯುರೋಪಿನಲ್ಲಿ ಬೋಸ್ಮನ್ ಅನ್ನುವ ಆಟಗಾರನ ಕೇಸಿನಲ್ಲಿ ಬಂದ 1995ರ ತೀರ್ಪಿನಲ್ಲೇ ಇತ್ಯರ್ಥವಾಗಿದೆ. ಆದರೆ ಇಪ್ಪತ್ತು ವರ್ಷದ ಹುಡುಗನಿಗೆ, ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ, ಬೋಸ್ಮನ್ ಯಾರು ಅಂತ ಹೇಳುವವರು ಯಾರು? ನಾನು ಬಾಯಿ ತೆರೆದೆ. 'ನೀವು ಲೆಕ್ಕ ನೋಡಿ ಸಾಕು' ಅಂತ ಹೊರಗೆ ಕಳಿಸಿದರು. ಒಬ್ಬೊಬ್ಬರಾಗಿ ಸಹಿ ಹಾಕಿದರು. ಮುಂದಿನ ಸೀಸನ್ನಿನಲ್ಲಿ ಎಲ್ಲಾದರೂ ಆಡಬೇಕಲ್ಲ. ಗೋಲ್‌ಕೀಪರ್ ಮಾತ್ರ ಹಾಕಲಿಲ್ಲ. ಆ ಹುಡುಗ ಈಗ ಯಾವ ಕ್ಲಬ್ಬಿನಲ್ಲೂ ಇಲ್ಲ.

ಸೋಮವಾರ ಬಂತು, ದುಡ್ಡು ಬರಲಿಲ್ಲ. ಆ ಸಹಿಗಳನ್ನು ನೋಡಿ ಸಮಿತಿ ಲೈಸೆನ್ಸ್ ಕೊಟ್ಟಿತು. ಅದಾದ ಸ್ವಲ್ಪ ದಿನಕ್ಕೇ ಕ್ಲಬ್ಬು ಒಬ್ಬ ಹೊಸ ಸ್ಟ್ರೈಕರ್‌ನನ್ನು ತಂದಿತು. ದೊಡ್ಡ ಮೊತ್ತ, ದೊಡ್ಡ ವೇದಿಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಹಾಗೆ. ಸ್ಟ್ರೈಕರ್ ಕೈಗೆ ಜರ್ಸಿ ಕೊಟ್ಟು ಫೋಟೋ ತೆಗೆಸಿಕೊಂಡ ಮುಖ್ಯ ಅತಿಥಿ ಯಾರು ಗೊತ್ತಾ? ನೀವೇ, ಸಚಿವರೇ. 'ಕ್ಲಬ್ಬಿನ ಶಿಸ್ತುಬದ್ಧ ಆಡಳಿತ ಎಲ್ಲರಿಗೂ ಮಾದರಿ' ಅಂತ ಭಾಷಣ ಮಾಡಿದಿರಿ. ಚಪ್ಪಾಳೆ ಚೆನ್ನಾಗಿ ಬಿತ್ತು. ಹಿಂದಿನ ಸಾಲಿನಲ್ಲಿ ನಾಲ್ಕು ತಿಂಗಳ ಬಾಕಿಯವರೂ ಇದ್ದರು. ಅವರೂ ತಟ್ಟಿದರು ಪಾಪ, ಮ್ಯಾನೇಜರ್ ನೋಡುತ್ತಿದ್ದರಲ್ಲ.

ಆ ಹುಡುಗರಲ್ಲಿ ಕೆಲವರ ಬಾಡಿಗೆ ಮನೆಗೆ ಜಾಮೀನು ನಿಂತವನು ನಾನು. ಮನೆ ಮಾಲೀಕರು ಫೋನ್ ಮಾಡುವುದು ಕ್ಲಬ್ಬಿಗಲ್ಲ, ನನಗೆ. ಒಬ್ಬನ ತಾಯಿ ಫೋನ್ ಮಾಡಿ, 'ನನ್ನ ಮಗ ಸಂಬಳವನ್ನೆಲ್ಲ ಏನು ಮಾಡ್ತಾನೆ, ಕೆಟ್ಟ ಚಟ ಏನಾದರೂ ಹತ್ತಿದೆಯಾ' ಅಂತ ಕೇಳಿದರು. ಮಗನಿಗೆ ಸಂಬಳವೇ ಬಂದಿಲ್ಲ ಅಂತ ಅವರು ನಂಬಲು ಸಿದ್ಧರಿರಲಿಲ್ಲ. ಪೇಪರಿನಲ್ಲಿ ಅವನ ಫೋಟೋ ಬಂದಿತ್ತಲ್ಲ! ನನ್ನ ಮನೆಯಲ್ಲೂ ಇದೇ ಮಾತು. ಈ ಉಸಾಬರಿ ಬಿಡು ಅಂತ ಹೇಳಿ ಹೇಳಿ ಅವರಿಗೆ ಬೇಜಾರಾಗಿದೆ.

'ಎಲ್ಲೋ ಒಂದು ಕ್ಲಬ್ಬು ಹೀಗೆ ಮಾಡಿರಬಹುದು' ಅಂತ ನಿಮ್ಮ ಕಾರ್ಯದರ್ಶಿಗಳು ಟಿಪ್ಪಣಿ ಬರೆಯುವ ಮೊದಲು ಹೇಳಿಬಿಡುತ್ತೇನೆ. ಆಟಗಾರರ ಜಾಗತಿಕ ಒಕ್ಕೂಟ ಫಿಫ್‌ಪ್ರೊ 2016ರಲ್ಲಿ 54 ದೇಶಗಳ ಸುಮಾರು 14,000 ಆಟಗಾರರನ್ನು ಕೇಳಿತ್ತು. ಅವರಲ್ಲಿ ಶೇ. 41 ಮಂದಿಗೆ ಹಿಂದಿನ ಎರಡು ಸೀಸನ್ನುಗಳಲ್ಲಿ ಸಂಬಳ ತಡವಾಗಿತ್ತು. ಇಟಲಿಯ ಪಾರ್ಮಾ ಯುರೋಪಿನ ಕಪ್ಪುಗಳನ್ನು ಗೆದ್ದಿದ್ದ ಕ್ಲಬ್ಬು. ಒಂದೇ ಸೀಸನ್ನಿನಲ್ಲಿ ಎರಡು ಸಲ ಒಂದೊಂದು ಯೂರೋಗೆ ಕೈ ಬದಲಾಗಿ, ಸಂಬಳ ಕೊಡಲಾಗದೆ 2015ರಲ್ಲಿ ದಿವಾಳಿಯಾಗಿ ನಾಲ್ಕನೇ ಹಂತಕ್ಕೆ ಬಿತ್ತು. ಇಂಗ್ಲೆಂಡಿನ 'ಬರಿ' (Bury) ಅನ್ನುವ ಕ್ಲಬ್ಬು 1885ರಲ್ಲಿ ಹುಟ್ಟಿದ್ದು. 2018ರ ಡಿಸೆಂಬರಿನಲ್ಲಿ ಒಂದು ಪೌಂಡಿಗೆ ಮಾರಾಟವಾಯಿತು. ಸಂಬಳ ಸಿಗದೆಯೇ ಆಡಿ ಆ ಆಟಗಾರರು ಕ್ಲಬ್ಬಿಗೆ ಬಡ್ತಿ ತಂದುಕೊಟ್ಟರು. 2019ರ ಆಗಸ್ಟಿನಲ್ಲಿ ಲೀಗು ಆ ಕ್ಲಬ್ಬನ್ನೇ ಹೊರಹಾಕಿತು. ಗೆದ್ದವರಿಗೆ ಆಡಲು ಲೀಗೇ ಇಲ್ಲ! ಒಂದು ಪೌಂಡು ಕೊಟ್ಟವನ ಹತ್ತಿರ ಸಂಬಳಕ್ಕೆ ದುಡ್ಡು ಇದೆಯಾ ಅಂತ ಮೊದಲೇ ಕೇಳಿದ್ದರೆ ಆಗುತ್ತಿತ್ತು.

ಸಂಬಳಕ್ಕೆ ಮಿತಿ ಹಾಕೋಣ ಅಂತ ನಿಮ್ಮ ಸಲಹೆಗಾರರು ಹೇಳಬಹುದು. ಇಂಗ್ಲೆಂಡಿನಲ್ಲಿ ಅದನ್ನೂ ನೋಡಿದರು. 2020ರಲ್ಲಿ ಮೂರನೇ ಹಂತದ ಕ್ಲಬ್ಬಿಗೆ 25 ಲಕ್ಷ ಪೌಂಡು, ನಾಲ್ಕನೇ ಹಂತದ್ದಕ್ಕೆ 15 ಲಕ್ಷ ಪೌಂಡು ಅಂತ ಮಿತಿ ಹಾಕಿದರು. ಆಟಗಾರರ ಸಂಘ ಒಪ್ಪಲಿಲ್ಲ. 2021ರ ಫೆಬ್ರವರಿಯಲ್ಲಿ ಜಗಳ ಬಗೆಹರಿಸುವ ಮಧ್ಯಸ್ಥಿಕೆ ಸಮಿತಿ ಅದನ್ನು ರದ್ದು ಮಾಡಿತು. ಸರಿಯಾಗಿಯೇ ಆಯಿತು ಅನ್ನುತ್ತೇನೆ ನಾನು. ಆಟಗಾರನಿಗೆ ಎಷ್ಟು ಕೊಡಬೇಕು ಅಂತ ನೀವು ಹೇಳಬೇಡಿ. ಕೊಡುತ್ತೇನೆ ಅಂದಷ್ಟನ್ನು ಕೊಡುವ ಶಕ್ತಿ ಇದೆಯಾ ಅಂತ ಮಾತ್ರ ನೋಡಿ. ಜರ್ಮನಿಯಲ್ಲಿ ಸೀಸನ್ ಪೂರ್ತಿ ನಡೆಸುವಷ್ಟು ದುಡ್ಡು ಇದೆ ಅಂತ ಮೊದಲೇ ತೋರಿಸದ ಕ್ಲಬ್ಬಿಗೆ ಲೈಸೆನ್ಸ್ ಇಲ್ಲ. ಇಂಗ್ಲೆಂಡು ಕೂಡ 2025ರಲ್ಲಿ ಕಾನೂನನ್ನೇ ತಂದು ಮೇಲಿನ ಐದು ಹಂತದ ಕ್ಲಬ್ಬುಗಳ ಮೇಲೆ ಸ್ವತಂತ್ರ ನಿಯಂತ್ರಕನನ್ನು ಕೂರಿಸಿತು. ನಮ್ಮಲ್ಲಿ ಕಾನೂನು ಬರುವವರೆಗೆ ಕಾಯುವುದು ಬೇಡ. ನೋಂದಣಿಯ ಫಾರಂಗೆ ಒಂದು ಹಾಳೆ ಸೇರಿಸಿದರೆ ಸಾಕು.

'ಹೀಗೆ ಮಾಡಿದರೆ ಅರ್ಧ ಕ್ಲಬ್ಬುಗಳು ಮುಚ್ಚಿಹೋಗುತ್ತವೆ' ಅಂತ ನಿಮ್ಮ ಕಚೇರಿಯವರೊಬ್ಬರು ಹೇಳಿದರು. ಮುಚ್ಚಲಿ ಬಿಡಿ. ಇಲ್ಲವೇ ಕೈಲಾದಷ್ಟು ಸಂಬಳಕ್ಕೆ ಸಣ್ಣ ತಂಡ ಕಟ್ಟಲಿ. ಬೇರೆ ಯಾವ ಕೆಲಸದಲ್ಲಾದರೂ ನಾಲ್ಕು ತಿಂಗಳು ಸಂಬಳ ಕೊಡದೆ ದುಡಿಸಿಕೊಂಡವನನ್ನು ಉಳಿಸಬೇಕು ಅಂತ ನೀವು ಹೇಳುತ್ತೀರಾ? ಅಲ್ಲಿ ಲೇಬರ್ ಇನ್‌ಸ್ಪೆಕ್ಟರ್ ಬರುತ್ತಾನೆ. ಇಲ್ಲಿ ಮುಖ್ಯ ಅತಿಥಿ ಬರುತ್ತಾರೆ.

ಮತ್ತೊಮ್ಮೆ ಹೇಳುತ್ತೇನೆ. ಸಂಬಳದ ದುಡ್ಡು ಬೇರೆ ಖಾತೆಯಲ್ಲಿ ಇಡಿಸಿ. ಆ ಖಾತೆಗೆ ಕ್ಲಬ್ಬಿನ ಜತೆ ಲೀಗಿನವರ ಸಹಿಯೂ ಬೇಕು ಅಂತ ಮಾಡಿ. 'ಬಾಕಿ ಇಲ್ಲ' ಅನ್ನುವ ಕಾಗದವನ್ನು ಕ್ಲಬ್ಬಿನ ಕೈಯಿಂದ ತೆಗೆದುಕೊಳ್ಳಬೇಡಿ. ಆಟಗಾರನನ್ನೇ ಕೇಳಿ. ಅವನ ಬ್ಯಾಂಕ್ ಖಾತೆಗೆ ದುಡ್ಡು ಬಿದ್ದಿದೆಯಾ ನೋಡಿ. ಹಳೆ ಬಾಕಿ ಇರುವ ಕ್ಲಬ್ಬು ಹೊಸ ಆಟಗಾರನನ್ನು ತರಬಾರದು. ಒಬ್ಬನನ್ನೂ ತರಬಾರದು, ಅವನು ಎಷ್ಟೇ ದೊಡ್ಡ ಸ್ಟ್ರೈಕರ್ ಆಗಿರಲಿ.

ಮುಂದಿನ ಸೀಸನ್ನಿನ ನೋಂದಣಿ ಹತ್ತಿರ ಬಂದಿದೆ. ಅದು ಶುರುವಾಗುವ ಮೊದಲೇ ಆದೇಶ ಹೊರಡಿಸಿ. 'ಪರಿಶೀಲಿಸಲಾಗುವುದು' ಅನ್ನುವ ಪತ್ರ ಮಾತ್ರ ದಯವಿಟ್ಟು ಕಳಿಸಬೇಡಿ, ಅಂಥವು ನನ್ನ ಹತ್ತಿರ ಬೇಕಾದಷ್ಟಿವೆ. ಸಂಬಳದ ದುಡ್ಡು ಇಟ್ಟಿರುವುದನ್ನು ತೋರಿಸದ ಕ್ಲಬ್ಬಿಗೆ ನೋಂದಣಿ ಇಲ್ಲ ಅನ್ನುವ ಒಂದು ಸಾಲು, ಅದರ ಕೆಳಗೆ ನಿಮ್ಮ ಸಹಿ. ನನ್ನ ಹಳೆ ಅರ್ಜಿಗಳು ಬೇಕಾದರೆ ನಿಮ್ಮ ಇಲಾಖೆಯಲ್ಲೇ ಇವೆ, ಹುಡುಕಿಸಿ.

ಇಂತಿ ತಮ್ಮ ವಿಶ್ವಾಸಿ,
ಕೆಳ ಹಂತದ ಕ್ಲಬ್ಬೊಂದರ ಲೆಕ್ಕ ನೋಡುತ್ತಿದ್ದವನು